ಕ್ಯಾಮೆರಾ ಇರೋವಾಗ ಕಳ್ಳಿ ಗಿಡದ ಚಿತ್ರ ಕೈಯಿಂದ ಯಾಕ ಬಿಡಸ್ತಾರ?

ಉಳಿದ ಗಿಡದಂಗ ಕಳ್ಳಿನ ಪೇಪರ್‌ನಾಗ ಒತ್ತಿ ಒಣಗಿಸಿದ್ರ ನೀರು ಹೋಗಿ ಮುದುಡತೈತಿ ಇಲ್ಲಾ ಕೊಳೀತೈತಿ, ಆಕಾರ ಬಣ್ಣ ಎರಡೂ ಉಳಿಯಂಗಿಲ್ಲ, ಅದಕ್ಕ ವಿಜ್ಞಾನಿಗಳಿಗೆ ಚಿತ್ರಾನ ದಾಖಲೆ ಆತು. 1799ರಿಂದ ಪ್ಯಾರಿಸ್‌ನಾಗ ಸಸ್ಯವಿಜ್ಞಾನಿ ಡಿ ಕ್ಯಾಂಡೋಲ್ ಹೊರತಂದ ಸಕ್ಯುಲೆಂಟ್ (ಮೈಯಾಗ ನೀರು ತುಂಬಿಟ್ಟುಕೊಳ್ಳೋ ದಪ್ಪ ಗಿಡ) ಗ್ರಂಥಕ್ಕ ಚಿತ್ರಕಾರ ರೆಡೂಟೆ ಬಿಡಿಸಿದ ಚಿತ್ರಗಳಿಗೆ ಇವತ್ತಿಗೂ ಬೆಲೆ ಐತಿ.

ನಮ್ಮ ಬಾದಾಮಿ ಕಡೆ ಹೊಲದ ಬದುವಿನಾಗ ಮುಳ್ಳಿರೋ ಹಾಲುಗಳ್ಳಿ ಮುಂದ ಪೆನ್ಸಿಲ್ ಹಿಡದು ಕುಂದರ್ರಿ, ಮುಳ್ಳು ಜೋಡಿ ಜೋಡಿ ಇರ್ತಾವ, ಮುರಿದ್ರ ಹಾಲು ಸುರಿತೈತಿ (ಕಣ್ಣಿಗೆ ತಾಗಿಸಬ್ಯಾಡ್ರಿ ಮತ್ತ), ಆದ್ರ ಅಮೆರಿಕಾ ಮೂಲದ ಡಬ್ಬಗಳ್ಳಿ ನೋಡಿದ್ರ ಒಂದೊಂದು ಸಣ್ಣ ಮೆತ್ತನ ಚುಕ್ಕಿಯಿಂದ ಮುಳ್ಳು ಗೊಂಚಲಾಗಿ ಬರ್ತಾವ, ಹಾಲಂತೂ ಇಲ್ಲ. ಎರಡೂ ಬ್ಯಾರೆ ಬ್ಯಾರೆ ಕುಟುಂಬ. ಫೋಟೋದಾಗ ನೆರಳಿನಾಗ ಮುಚ್ಚಿಹೋಗೋ ಆ ಚುಕ್ಕಿನ ಕಲಾವಿದ ದೊಡ್ಡದು ಮಾಡಿ, ಹೂ ಸೀಳಿ, ಒಂದ ಹಾಳಿ ಮ್ಯಾಲೆ ತೋರಸ್ತಾನ.