ಒಂದೇ ಸೀಸೆ, ಮೂರು ಮೂಗು

ಪ್ರಶ್ನೆ: ನಮ್ಮ ಯಜಮಾನರು ದಿನಾ ಬೆಳಿಗ್ಗೆ ಗಡ್ಡ ಮಾಡಿಕೊಂಡ ಮೇಲೆ ಓಲ್ಡ್ ಸ್ಪೈಸ್ ಆಫ್ಟರ್‌ಶೇವ್ ಹಚ್ಚಿಕೊಳ್ಳುತ್ತಾರೆ. ನಮ್ಮ ಮಾವನವರೂ ಬದುಕಿರುವವರೆಗೆ ಅದನ್ನೇ ಹಚ್ಚುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಯಿತು. ಆ ಪರಿಮಳ ಮೂಗಿಗೆ ತಾಕಿದರೆ ಅಪ್ಪ ಪಕ್ಕದಲ್ಲೇ ನಿಂತಂತಾಗುತ್ತದೆ ಎಂದು ಯಜಮಾನರು ಹೇಳುತ್ತಾರೆ. ನನಗಾದರೋ ಮದುವೆಯಾಗಿ ಬಂದಂದಿನಿಂದಲೂ ಅದರ ಘಾಟಿಗೆ ತಲೆ ಭಾರವಾಗುತ್ತದೆ. ಹತ್ತನೇ ತರಗತಿಯಲ್ಲಿರುವ ಮಗಳು, ಅಪ್ಪ ಹತ್ತಿರ ಬಂದರೆ ಹಲ್ಲಿನ ಡಾಕ್ಟರ ನೆನಪಾಗುತ್ತದೆ ಎನ್ನುತ್ತಾಳೆ. ಮೊನ್ನೆ ಇದೇ ಮಾತು ಬೆಳೆದು, ‘ನಮ್ಮಪ್ಪನ ವಾಸನೆಯೂ ನಿಮಗೆ ಬೇಡವಾಯಿತೇ’ ಎಂದು ಅವರು ನೊಂದುಕೊಂಡರು. ಒಂದೇ ಪರಿಮಳ ಒಂದೇ ಮನೆಯ ಮೂವರಿಗೆ ಮೂರು ಬಗೆಯಾಗಿ ತೋರುವುದೇಕೆ? ದೋಷ ಯಾರ ಮೂಗಿನಲ್ಲಿದೆ?
– ಓರ್ವ ಗೃಹಿಣಿ, ಶಿವಮೊಗ್ಗ

ಉತ್ತರ: ನಿಮ್ಮ ಮೂವರಲ್ಲಿ ಯಾರ ಮೂಗಿನಲ್ಲೂ ದೋಷವಿಲ್ಲ, ಮೂವರೂ ತಮಗೆ ಅನ್ನಿಸಿದ್ದನ್ನು ಇದ್ದಂತೆಯೇ ಹೇಳುತ್ತಿದ್ದೀರಿ. ಮಗಳ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ತಮಾಷೆಗೆ ಆಡಿದಂತೆ ಕಾಣುವ ಆ ಮಾತು ರಸಾಯನಶಾಸ್ತ್ರದ ದೃಷ್ಟಿಯಿಂದಲೂ ಸರಿಯಾಗಿದೆ. ಓಲ್ಡ್ ಸ್ಪೈಸ್ ಹೆಸರಿಗೆ ತಕ್ಕಂತೆ ಸಾಂಬಾರ ಪದಾರ್ಥಗಳ ಪರಿಮಳ. ಚಕ್ಕೆ, ಲವಂಗ ಹಾಗೂ ಕಾರ್ನೇಶನ್ ಹೂವಿನ ಘಮ ಎದ್ದು ನಿಂತು, ಅದು ಇಳಿದ ಮೇಲೆ ವೆನಿಲ್ಲಾ ಮತ್ತು ಕಸ್ತೂರಿಯ ಮೆತ್ತನೆಯ ಕಂಪು ಚರ್ಮದ ಮೇಲೆ ಉಳಿಯುವಂತೆ ಅದನ್ನು ಹೊಂದಿಸಲಾಗಿದೆ. ಲವಂಗಕ್ಕೂ ಕಾರ್ನೇಶನ್ ಹೂವಿಗೂ ಆ ಖಾರದ ಘಮ ಬರುವುದು ಮುಖ್ಯವಾಗಿ ಯೂಜೆನಾಲ್ ಎಂಬ ರಾಸಾಯನಿಕದಿಂದ. ಹಲ್ಲಿನ ವೈದ್ಯರು ಹುಳುಕು ಹಲ್ಲಿನ ಕುಳಿಗೆ ತಾತ್ಕಾಲಿಕವಾಗಿ ತುಂಬುವ ಒಂದು ಬಗೆಯ ಬಿಳಿಯ ಸಿಮೆಂಟನ್ನು ಜಿಂಕ್ ಆಕ್ಸೈಡ್ ಪುಡಿಗೆ ಇದೇ ಯೂಜೆನಾಲ್ ಬೆರೆಸಿ ಕಲಸುತ್ತಾರೆ. ಕ್ಲಿನಿಕ್ಕಿನ ಬಾಗಿಲು ತೆರೆದೊಡನೆ ಮೂಗಿಗೆ ಬಡಿಯುವ ವಾಸನೆಯಲ್ಲಿ ಅದರ ಪಾಲು ದೊಡ್ಡದು. 1998ರಲ್ಲಿ ಫ್ರಾನ್ಸಿನ ಸಂಶೋಧಕರು ಹಲ್ಲಿನ ಚಿಕಿತ್ಸೆಗೆ ಹೆದರುವವರಿಗೂ ಹೆದರದವರಿಗೂ ಯೂಜೆನಾಲ್ ಮೂಸಲು ಕೊಟ್ಟು ಮೈಯಲ್ಲಾಗುವ ಬದಲಾವಣೆಗಳನ್ನು ಅಳೆದರು. ಹೆದರದವರಿಗೆ ಅದು ಹಿತವಾದ ವಾಸನೆಯಾಗಿತ್ತು. ಹೆದರುವವರು ಅದನ್ನು ಅಹಿತವೆಂದರು, ಅವರ ಮೈಯೂ ಭಯಪಟ್ಟವರಂತೆಯೇ ವರ್ತಿಸಿತು. ನಿಮ್ಮ ಮಗಳು ಚಿಕ್ಕಂದಿನಲ್ಲಿ ಹಲ್ಲಿನ ನೋವಿಗಾಗಿ ಆ ಕುರ್ಚಿಯಲ್ಲಿ ಕುಳಿತಿದ್ದಳೇ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ.

ಈ ಉತ್ತರ ಬರೆಯುವ ಮುನ್ನ ನಾನು ಅಡುಗೆಮನೆಯಿಂದ ಎರಡು ಲವಂಗವನ್ನೂ ಅಂಗಳದಿಂದ ನಾಲ್ಕು ತುಳಸಿ ಎಲೆಯನ್ನೂ ತಂದು ಬೇರೆ ಬೇರೆಯಾಗಿ ಜಜ್ಜಿ, ಪಕ್ಕದಲ್ಲಿ ಈ ಆಫ್ಟರ್‌ಶೇವಿನ ಒಂದು ಹನಿ ಬಿಟ್ಟ ಕಾಗದದ ಪಟ್ಟಿಯನ್ನಿಟ್ಟು ಒಂದೊಂದಾಗಿ ಮೂಸಿ ನೋಡಿದೆ. ತುಳಸಿಯಲ್ಲೂ ಯೂಜೆನಾಲ್ ಇದೆ. ಕಾಗದದಿಂದ ಮೊದಲು ಬಂದದ್ದು ಆಲ್ಕೋಹಾಲಿನ ಚುರುಕು ಮಾತ್ರ; ಹತ್ತು ನಿಮಿಷ ಕಳೆದ ಮೇಲೆ ಲವಂಗದ ಎಳೆ ಸ್ಪಷ್ಟವಾಯಿತು; ಸಂಜೆಗೆ ಮತ್ತೆ ಮೂಸಿದಾಗ ಖಾರವೆಲ್ಲ ಹೋಗಿ ಪೌಡರಿನಂಥ ಸಿಹಿ ಮಾತ್ರ ಉಳಿದಿತ್ತು. ತೀರ್ಥದ ತುಳಸಿ, ಊಟದ ನಂತರದ ಬೀಡಾ, ಬಿಸಿಬೇಳೆ ಬಾತಿನ ಪುಡಿ, ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ ಇಡುವ ಲವಂಗದ ಎಣ್ಣೆ, ಇವೆಲ್ಲ ಒಂದೇ ರಾಸಾಯನಿಕದ ಬೇರೆ ಬೇರೆ ಮನೆಗಳು. ಯಾರು ಅದನ್ನು ಮೊದಲು ಯಾವ ಮನೆಯಲ್ಲಿ ಕಂಡರೋ ಅವರ ಮೂಗಿಗೆ ಅದೇ ಅದರ ವಿಳಾಸವಾಗಿಬಿಡುತ್ತದೆ.

ನಿಮ್ಮ ಯಜಮಾನರ ವಿಷಯದಲ್ಲಿ ಆಗಿರುವುದೂ ಇದೇ, ಆದರೆ ಇನ್ನಷ್ಟು ಆಳವಾಗಿ. ನೋಟ, ಸದ್ದು, ಸ್ಪರ್ಶಗಳ ಸಂಕೇತಗಳು ಮಿದುಳಿನ ಥಲಾಮಸ್ ಎಂಬ ಭಾಗವನ್ನು ಹಾದು ಮುಂದಕ್ಕೆ ಹೋಗುತ್ತವೆ. ವಾಸನೆಯ ಸಂಕೇತಕ್ಕೆ ಆ ಸುತ್ತುದಾರಿಯಿಲ್ಲ; ಮೂಗಿನ ಮೇಲ್ಭಾಗದಿಂದ ಹೊರಟ ಅದು ಭಾವನೆ ಮತ್ತು ನೆನಪುಗಳಿಗೆ ಸಂಬಂಧಿಸಿದ ಅಮಿಗ್ಡಲಾ, ಹಿಪೊಕ್ಯಾಂಪಸ್‌ಗಳ ನೆರೆಗೆ ಬೇಗನೆ ತಲುಪುತ್ತದೆ. ಹಾಗಾಗಿ ವಾಸನೆಯೊಂದು ಇಂಥದ್ದೆಂದು ಹೆಸರು ಹಿಡಿದು ಹೇಳುವ ಮೊದಲೇ ಕಣ್ಣು ತುಂಬಿ ಬರಬಹುದು. ಹಡಗಿನ ಚಿತ್ರವಿರುವ ಬಿಳಿಯ ಸೀಸೆ, ಕಿಟಕಿಗೆ ಒರಗಿಸಿಟ್ಟ ಕನ್ನಡಿ, ಅಂಗೈಗೆ ಸುರಿದುಕೊಂಡು ಎರಡೂ ಕೆನ್ನೆಗೆ ಪಟಪಟನೆ ತಟ್ಟಿಕೊಳ್ಳುವ ಅಪ್ಪ, ಉರಿಗೆ ಅವರು ಎಳೆದುಕೊಳ್ಳುವ ಉಸಿರು: ಇಷ್ಟೂ ನಿಮ್ಮ ಯಜಮಾನರಿಗೆ ಆ ಒಂದು ಘಮದಲ್ಲಿ ಸಿಗುತ್ತಿದೆ ಎಂದು ನಾನು ನಂಬುತ್ತೇನೆ. ಎರಡು ವರ್ಷದ ಹಿಂದೆ ತಂದೆಯನ್ನು ಕಳೆದುಕೊಂಡವರಿಗೆ ಇದು ಸಣ್ಣ ಸಂಗತಿಯಲ್ಲ. ‘ಆ ವಾಸನೆ ಕೆಟ್ಟದ್ದು’ ಎಂಬ ಮಾತು ಅವರಿಗೆ ಬೇರೆಯೇ ಆಗಿ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ನಿಮ್ಮ ಮಾತು. ನಿಮಗೆ ಯಾವ ಹಳೆಯ ನೆನಪೂ ಅಡ್ಡ ಬರುತ್ತಿಲ್ಲದಿರಬಹುದು; ನಿಮ್ಮ ಮೂಗಿನ ರಚನೆಯೇ ಬೇರೆಯಾಗಿರಬಹುದು. ಮನುಷ್ಯರಲ್ಲಿ ವಾಸನೆಯನ್ನು ಗುರುತಿಸುವ ಗ್ರಾಹಕಗಳು ಸುಮಾರು 400 ಬಗೆಯವಿವೆ. ಯಾರೇ ಇಬ್ಬರನ್ನು ಹೋಲಿಸಿದರೂ ಅವುಗಳಲ್ಲಿ ಶೇಕಡಾ 30ರಷ್ಟರ ಕೆಲಸ ಒಬ್ಬರಲ್ಲಿ ಒಂದು ರೀತಿ, ಇನ್ನೊಬ್ಬರಲ್ಲಿ ಇನ್ನೊಂದು ರೀತಿ ಇರುತ್ತದೆಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬೆವರಿನಲ್ಲಿರುವ ಆಂಡ್ರೊಸ್ಟೆನೋನ್ ಎಂಬ ವಸ್ತು ಕೆಲವರಿಗೆ ಮೂತ್ರದ ನಾತವಾಗಿ, ಕೆಲವರಿಗೆ ವೆನಿಲ್ಲಾದಂಥ ಸಿಹಿಯಾಗಿ ತೋರುತ್ತದೆ, ಕೆಲವರಿಗೆ ತೋರುವುದೇ ಇಲ್ಲ. ಈ ವ್ಯತ್ಯಾಸದ ಬೇರು ಒಂದು ಗ್ರಾಹಕದ ವಂಶವಾಹಿಯಲ್ಲಿದೆ ಎಂಬುದು 2007ರಲ್ಲಿ ಗೊತ್ತಾಯಿತು. ಕೃತಕ ಕಸ್ತೂರಿಗಳಲ್ಲಿಯೂ ಕೆಲವು ಹಲವರ ಮೂಗಿಗೆ ತಾಕುವುದೇ ಇಲ್ಲ. ಅಂಥವರಿಗೆ ತಳದ ಮೆತ್ತನೆಯ ಕಂಪು ತಪ್ಪಿಹೋಗಿ, ಮೇಲಿನ ಖಾರವೊಂದೇ ಮುಖಕ್ಕೆ ಬಡಿಯುತ್ತದೆ. ಯಜಮಾನರು ಮೂಸುತ್ತಿರುವ ಓಲ್ಡ್ ಸ್ಪೈಸ್ ಮತ್ತು ನೀವು ಮೂಸುತ್ತಿರುವ ಓಲ್ಡ್ ಸ್ಪೈಸ್ ಒಂದೇ ಎಂದು ನಾವು ಭಾವಿಸುವುದೇ ತಪ್ಪಾಗಿರುವ ಸಾಧ್ಯತೆಯಿದೆ.

ಇಷ್ಟ-ಅನಿಷ್ಟಗಳು ಊರಿಂದ ಊರಿಗೆ, ಜನಾಂಗದಿಂದ ಜನಾಂಗಕ್ಕೆ ಬದಲಾಗುತ್ತವೆ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಅದಕ್ಕೆ ಉದಾಹರಣೆಗಳೂ ಇವೆ: ವಿಂಟರ್‌ಗ್ರೀನ್ ಎಣ್ಣೆಯ ವಾಸನೆ ಮಿಠಾಯಿಯಲ್ಲಿ ಸಿಗುವ ಅಮೆರಿಕದಲ್ಲಿ ಅದು ಜನಪ್ರಿಯವಾಗಿತ್ತು, ನೋವಿನ ಮುಲಾಮಿನಲ್ಲಿ ಸಿಗುತ್ತಿದ್ದ ಬ್ರಿಟನ್ನಿನಲ್ಲಿ ಬೇಡವಾಗಿತ್ತು. ಆದರೆ 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಫಲಿತಾಂಶ ನನ್ನ ಮನಸ್ಸಿನಲ್ಲಿ ಉಳಿದಿದೆ. ಬೇಟೆಯಾಡಿ ಬದುಕುವವರಿಂದ ಹಿಡಿದು ನ್ಯೂಯಾರ್ಕಿನ ನಿವಾಸಿಗಳವರೆಗೆ ಹಲವು ಸಮುದಾಯಗಳ ಜನರಿಗೆ ಹತ್ತು ವಾಸನೆಗಳನ್ನು ಕೊಟ್ಟು, ಹಿತವಾದದ್ದರಿಂದ ಅಹಿತವಾದದ್ದರವರೆಗೆ ಸಾಲಾಗಿ ಇಡಲು ಹೇಳಿದಾಗ, ವ್ಯತ್ಯಾಸದಲ್ಲಿ ಸಂಸ್ಕೃತಿಯ ಪಾಲು ಶೇಕಡಾ 6 ಮಾತ್ರ ಎಂದು ಕಂಡುಬಂತು. ವಾಸನೆಯ ಅಣುವಿನ ಪಾಲು ಶೇಕಡಾ 41, ವ್ಯಕ್ತಿಯ ಸ್ವಂತ ಅಭಿರುಚಿಯ ಪಾಲು ಶೇಕಡಾ 54. ದೂರದ ದೇಶದವರೊಂದಿಗೆ ನಮಗಿರುವ ಭಿನ್ನಾಭಿಪ್ರಾಯಕ್ಕಿಂತ ಒಂದೇ ಸೂರಿನಡಿ ಇರುವ ಗಂಡ ಹೆಂಡಿರ ಭಿನ್ನಾಭಿಪ್ರಾಯ ದೊಡ್ಡದಾಗಿದ್ದರೆ ಅದರಲ್ಲಿ ಅಸಹಜವಾದದ್ದೇನೂ ಇಲ್ಲ.

ಈಗ ಮಾಡಬೇಕಾದದ್ದು. ದಿನವೂ ಒಂದೇ ಪರಿಮಳ ಹಚ್ಚುವವರ ಮೂಗು ಅದಕ್ಕೆ ಒಗ್ಗಿಹೋಗುವುದರಿಂದ, ತಮಗೇ ತಿಳಿಯದಂತೆ ಅವರು ಹನಿಗಳನ್ನು ಹೆಚ್ಚಿಸುತ್ತಾ ಹೋಗುತ್ತಾರೆ. ಅಂಗೈ ತುಂಬ ಸುರಿಯುವ ಬದಲು ಮೂರು ಹನಿಗೆ ಇಳಿಸಿ, ಕಿಟಕಿ ತೆರೆದ ಕೋಣೆಯಲ್ಲಿ ಹಚ್ಚಿಕೊಂಡು, ಆಲ್ಕೋಹಾಲು ಆರಲು ಕಾಲು ಗಂಟೆ ಬಿಟ್ಟು ತಿಂಡಿಗೆ ಬರಲು ಯಜಮಾನರಿಗೆ ಹೇಳಿ. ಹೇಳುವಾಗ ‘ನನಗೆ ಇದರಿಂದ ತಲೆ ಭಾರವಾಗುತ್ತದೆ’ ಎಂದು ನಿಮ್ಮ ಮೈಯ ಮಾತಾಗಿ ಹೇಳಿ, ಪರಿಮಳದ ಗುಣದೋಷವನ್ನು ಎತ್ತಬೇಡಿ. ಬೇರೆ ಘಮಗಳಿಗೂ ತಲೆನೋವು ಬರುತ್ತಿದ್ದರೆ, ಜೊತೆಗೆ ಬೆಳಕು ಸಹಿಸಲಾಗದಿದ್ದರೆ ಅದು ಮೈಗ್ರೇನ್ ಇರಬಹುದು. ಆಗ ವೈದ್ಯರನ್ನು ಕಾಣಲೇಬೇಕು, ಮತ್ತು ಆಗ ಮನೆಯಲ್ಲಿ ಈ ಸೀಸೆ ತೆರೆಯದಿರುವುದೇ ಸರಿ. ಮಾವನವರದೇ ಸೀಸೆ ಉಳಿದಿದ್ದರೆ ಅದನ್ನು ಯಜಮಾನರು ತಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳಲಿ. ಬೇಕೆನಿಸಿದಾಗ ಮುಚ್ಚಳ ತೆಗೆದು ಮೂಸಿದರೂ ತಂದೆ ನೆನಪಾಗುತ್ತಾರೆ.

ಪ್ರಶ್ನೆ: ನಾನು ಮೂವತ್ತು ವರ್ಷಗಳಿಂದ ಓಲ್ಡ್ ಸ್ಪೈಸ್ ಬಳಸುವವನು. ಈಗ ಕೊಳ್ಳುವ ಸೀಸೆಯಲ್ಲಿ ಮೊದಲಿನ ಗಾಢತೆಯಿಲ್ಲ ಎಂದರೆ ಗೆಳೆಯರು ‘ನಿನಗೆ ವಯಸ್ಸಾಯಿತು’ ಎಂದು ನಗುತ್ತಾರೆ. ಬದಲಾದದ್ದು ಪರಿಮಳವೋ ನಾನೋ?
– ನಿವೃತ್ತ ಶಿಕ್ಷಕರು, ಹುಬ್ಬಳ್ಳಿ

ಉತ್ತರ: ಎರಡೂ ಬದಲಾಗಿರಬಹುದು. ಅಮೆರಿಕದ ಶಲ್ಟನ್ ಕಂಪನಿ 1937ರಲ್ಲಿ ಈ ಹೆಸರಿನ ಪರಿಮಳವನ್ನು ಮೊದಲು ತಂದದ್ದು ಹೆಂಗಸರಿಗಾಗಿ. ಗಂಡಸರ ಓಲ್ಡ್ ಸ್ಪೈಸ್ ಬಂದದ್ದು ಅದರ ಬೆನ್ನಿಗೆ, 1938ರಲ್ಲಿ. 1970ರ ದಶಕದ ಆರಂಭದಲ್ಲಿ ಶಲ್ಟನ್ ಕಂಪನಿ ಅಮೆರಿಕನ್ ಸಯನಮಿಡ್‌ಗೆ ಸೇರಿತು, 1990ರಲ್ಲಿ ಓಲ್ಡ್ ಸ್ಪೈಸ್ ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕೈಗೆ ಬಂತು. ಇಷ್ಟು ದೀರ್ಘ ಕಾಲದಲ್ಲಿ ಯಾವ ಸುಗಂಧವೂ ಮೊದಲಿನಂತೆಯೇ ಉಳಿಯುವುದಿಲ್ಲ, ಏಕೆಂದರೆ ಕಚ್ಚಾ ವಸ್ತುಗಳ ಮೇಲಿನ ನಿರ್ಬಂಧಗಳೇ ಬದಲಾಗುತ್ತವೆ: ಒಂದು ಕಾಲದಲ್ಲಿ ಆಫ್ಟರ್‌ಶೇವ್‌ಗಳಲ್ಲಿ ಸಾಮಾನ್ಯವಾಗಿದ್ದ ಮಸ್ಕ್ ಆಂಬ್ರೆಟ್ ಎಂಬ ಕೃತಕ ಕಸ್ತೂರಿ, ಬಿಸಿಲು ತಾಗಿದಾಗ ಚರ್ಮಕ್ಕೆ ಅಲರ್ಜಿ ತರುತ್ತದೆಂದು ಕಂಡುಬಂದ ಮೇಲೆ ಬಳಕೆಯಿಂದ ಹೋಯಿತು. ನಿಮಗೆ ಸಂತೋಷವಾಗುವ ಒಂದು ಸಂಗತಿಯೂ ಇದೆ. ಅಮೆರಿಕದ ಹಳೆಯ ಬಳಕೆದಾರರಲ್ಲಿ ಹಲವರು ತಮ್ಮಲ್ಲಿ ಸಿಗುವುದಕ್ಕಿಂತ ಭಾರತದಲ್ಲಿ ತಯಾರಾದದ್ದೇ ಮೊದಲಿನ ಪರಿಮಳಕ್ಕೆ ಹತ್ತಿರವೆಂದು ಹೇಳಿ, ಇಲ್ಲಿನ ಸೀಸೆಗಳನ್ನು ಹುಡುಕಿ ತರಿಸಿಕೊಂಡಿದ್ದಾರೆ. ವ್ಯತ್ಯಾಸವೇ ಇಲ್ಲವೆನ್ನುವವರೂ ಅವರಲ್ಲಿದ್ದಾರೆ.

ವಯಸ್ಸಾದಂತೆ ಘ್ರಾಣಶಕ್ತಿ ಕುಗ್ಗುವುದು ನಿಜ. ಕಾಫಿ ಪುಡಿ, ಇಂಗು, ಮಲ್ಲಿಗೆಯ ವಾಸನೆ ನಿಮಗೆ ಮೊದಲಿನಷ್ಟೇ ಚೆನ್ನಾಗಿ ಬರುತ್ತಿದೆಯೇ ನೋಡಿ. ಬರುತ್ತಿದ್ದರೆ ನಿಮ್ಮ ಅನುಮಾನದಲ್ಲಿ ಹುರುಳಿದೆ. ಎಲ್ಲವೂ ಮಂಕಾಗಿದ್ದರೆ, ಅದರಲ್ಲೂ ಕೋವಿಡ್ ಬಂದು ಹೋದ ಮೇಲೆ ಹಾಗಾಗಿದ್ದರೆ, ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ.

ಪ್ರಶ್ನೆ: ನನಗೆ ಇಪ್ಪತ್ತು ವರ್ಷ. ಓಲ್ಡ್ ಸ್ಪೈಸ್ ನನಗೆ ನಿಜಕ್ಕೂ ಇಷ್ಟ. ಹಾಸ್ಟೆಲಿನ ಗೆಳೆಯರು ‘ಅಜ್ಜನ ವಾಸನೆ’ ಎಂದು ರೇಗಿಸುತ್ತಾರೆ. ಬಿಟ್ಟುಬಿಡಲೇ?
– ವಿದ್ಯಾರ್ಥಿ, ಬೆಂಗಳೂರು

ಉತ್ತರ: ಬಿಡಬೇಡಿ. ಅವರ ಅಜ್ಜಂದಿರು ಅದನ್ನು ಹಚ್ಚುತ್ತಿದ್ದರು ಎಂಬುದಷ್ಟೇ ಆ ಮಾತಿನ ಅರ್ಥ, ಮತ್ತು ಆ ಅಜ್ಜಂದಿರು ಅದನ್ನು ಮೊದಲು ಕೊಂಡಾಗ ಬಹುಶಃ ನಿಮ್ಮ ವಯಸ್ಸಿನವರೇ ಆಗಿದ್ದರು. ಈಚಿನ ಗಂಡಸರ ಸುಗಂಧಗಳಲ್ಲಿ ನಿಂಬೆ, ಸಮುದ್ರದ ಗಾಳಿಯಂಥ ತಣ್ಣನೆಯ ಘಮಗಳು ಹೆಚ್ಚಾಗಿರುವುದರಿಂದ, ಅವುಗಳ ನಡುವೆ ಬೆಳೆದ ಮೂಗಿಗೆ ಚಕ್ಕೆ-ಲವಂಗದ ಬೆಚ್ಚನೆಯ ಪರಿಮಳ ಹಿಂದಿನ ಕಾಲದ್ದೆನಿಸುತ್ತದೆ. ಒಂದು ಎಚ್ಚರಿಕೆ ಮಾತ್ರ ಇರಲಿ: ಒಂದೇ ಕೋಣೆಯಲ್ಲಿ ಮೂರ್ನಾಲ್ಕು ಜನ ಮಲಗುವ ಹಾಸ್ಟೆಲಿನಲ್ಲಿ ಹಚ್ಚುವುದಾದರೆ ಸ್ನಾನದ ಮನೆಯಲ್ಲೇ ಹಚ್ಚಿಕೊಂಡು, ಅದು ಆರಿದ ಮೇಲೆ ಕೋಣೆಗೆ ಬನ್ನಿ. ನಿಮ್ಮ ಗೆಳೆಯರಲ್ಲಿ ಯಾರಿಗಾದರೂ ಶಿವಮೊಗ್ಗದ ಆ ತಾಯಿಯಂತೆ ತಲೆ ಭಾರವಾಗುತ್ತಿದ್ದರೆ ಅದನ್ನು ತಮಾಷೆಯೆಂದು ತಳ್ಳಿಹಾಕದೆ, ಅವರಿರುವ ಹೊತ್ತಿನಲ್ಲಿ ಹಚ್ಚುವುದನ್ನು ಬಿಡಿ.