ಸ್ವಾತಂತ್ರ್ಯಕ್ಕಿಂತ ಮೊದಲೇ ಬಂದ ರಾಯಭಾರಿಗಳು

ಪ್ರಶ್ನೆ: 1947ರ ಆಗಸ್ಟ್ 15ರಂದು ದೆಹಲಿಯಲ್ಲಿ ಹೊರದೇಶಗಳ ರಾಯಭಾರಿಗಳು ಇದ್ದರೇ, ಅಥವಾ ದೇಶ ಸ್ವತಂತ್ರವಾದ ಮೇಲಷ್ಟೇ ಅವರೆಲ್ಲ ಬಂದರೇ? ಕೆಲವರನ್ನು ಮಾತ್ರ ರಾಯಭಾರಿ ಎನ್ನದೆ ಹೈಕಮಿಷನರ್ ಎಂದು ಕರೆಯುವುದು ಏಕೆ?
– ಓದುಗರೊಬ್ಬರು, ತಿಪಟೂರು

ಉತ್ತರ: ಇದ್ದರು. ಅಮೆರಿಕದ ಮೊದಲ ರಾಯಭಾರಿ ಹೆನ್ರಿ ಗ್ರೇಡಿಯವರು 1947ರ ಜುಲೈ 1ರಂದೇ, ಅಂದರೆ ಸ್ವಾತಂತ್ರ್ಯಕ್ಕೆ ಇನ್ನೂ ಆರು ವಾರಗಳಿರುವಾಗ, ತಮ್ಮ ನೇಮಕವನ್ನು ದೃಢಪಡಿಸುವ ರುಜುವಾತು ಪತ್ರವನ್ನು ಸಲ್ಲಿಸಿದ್ದರು. ಅದನ್ನು ಸ್ವೀಕರಿಸಿದವರು ವೈಸ್‌ರಾಯ್ ಮೌಂಟ್‌ಬ್ಯಾಟನ್. ಇನ್ನೂ ಹುಟ್ಟದ ರಾಷ್ಟ್ರಕ್ಕೆ ರಾಯಭಾರಿ ಬರುವುದು ವಿಚಿತ್ರವೆನಿಸಬಹುದು. ಆದರೆ ಭಾರತದ ಸ್ಥಿತಿಯೇ ಹಾಗಿತ್ತು. ಬ್ರಿಟಿಷರ ಅಧೀನದಲ್ಲಿದ್ದರೂ ಅದು 1919ರ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಹಾಕಿತ್ತು, ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಸಂಘದ ಸದಸ್ಯನಾಗಿತ್ತು, 1945ರಲ್ಲಿ ವಿಶ್ವಸಂಸ್ಥೆಯ ಸ್ಥಾಪಕ ಸದಸ್ಯರ ಸಾಲಿನಲ್ಲೂ ಕುಳಿತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಾಷಿಂಗ್ಟನ್ ಮತ್ತು ಆಗಿನ ಚೀನಾ ರಾಜಧಾನಿ ಚುಂಗ್‌ಕಿಂಗ್‌ಗಳಲ್ಲಿ ಭಾರತ ಸರ್ಕಾರದ ಏಜೆಂಟ್ ಜನರಲ್‌ಗಳು, ಅಂದರೆ ರಾಯಭಾರಿಗಿಂತ ಕೆಳಮಟ್ಟದ ಪ್ರತಿನಿಧಿಗಳು, ಇದ್ದರು. 1946ರ ಸೆಪ್ಟೆಂಬರ್ 2ರಂದು ಮಧ್ಯಂತರ ಸರ್ಕಾರ ರಚನೆಯಾಗಿ, ವಿದೇಶಾಂಗ ಖಾತೆ ನೆಹರೂ ಅವರ ಕೈಗೆ ಬಂದ ಮೇಲೆ, ಈ ಅರೆಬರೆ ಪ್ರಾತಿನಿಧ್ಯವನ್ನು ಪೂರ್ಣ ರಾಯಭಾರದ ಮಟ್ಟಕ್ಕೆ ಏರಿಸುವ ಕೆಲಸ ಬೇಗನೆ ನಡೆಯಿತು. ಅದೇ ವರ್ಷದ ನವೆಂಬರ್‌ನಲ್ಲಿ ದೆಹಲಿಯ ಅಮೆರಿಕನ್ ಕಚೇರಿ ರಾಯಭಾರ ಕಚೇರಿಯಾಯಿತು. 1947ರ ಏಪ್ರಿಲ್‌ನಲ್ಲಿ ಸೋವಿಯತ್ ಒಕ್ಕೂಟದೊಡನೆ ಸಂಬಂಧ ಏರ್ಪಟ್ಟು, ಮುಂದೆ ಅಲ್ಲಿಂದ ಕಿರಿಲ್ ನೋವಿಕೋವ್ ರಾಯಭಾರಿಯಾಗಿ ನೇಮಕಗೊಂಡರು.

ಗ್ರೇಡಿಯವರಿಗೆ ಭಾರತ ಹೊಸದೇನಲ್ಲ. ಅರ್ಥಶಾಸ್ತ್ರಜ್ಞರಾಗಿದ್ದ ಅವರು 1942ರಲ್ಲಿ, ಇಲ್ಲಿನ ಕೈಗಾರಿಕೆಗಳು ಯುದ್ಧಕ್ಕೆ ಎಷ್ಟರಮಟ್ಟಿಗೆ ನೆರವಾಗಬಲ್ಲವು ಎಂದು ಪರಿಶೀಲಿಸಲು ಬಂದಿದ್ದ ಅಮೆರಿಕನ್ ತಾಂತ್ರಿಕ ನಿಯೋಗದ ಮುಖ್ಯಸ್ಥರಾಗಿದ್ದರು. ಭಾರತಕ್ಕೆ ಬಂದ ಮೊದಲ ಅಮೆರಿಕನ್ ರಾಯಭಾರಿ ವೃತ್ತಿಪರ ರಾಜತಾಂತ್ರಿಕನಾಗಿರದೆ ಲೆಕ್ಕಾಚಾರ ಬಲ್ಲವನಾಗಿದ್ದುದು ಆಕಸ್ಮಿಕವಲ್ಲ ಎಂದೇ ನನ್ನ ಅನಿಸಿಕೆ.

ಆ ಮೊದಲ ತಂಡದಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸುವವರು ಚೀನಾದ ಲುವೊ ಜಿಯಾಲುನ್. ವರ್ಸೇಲ್ಸ್ ಒಪ್ಪಂದದ ವಿರುದ್ಧ ಚೀನೀ ವಿದ್ಯಾರ್ಥಿಗಳು ನಡೆಸಿದ 1919ರ ಮೇ ನಾಲ್ಕರ ಚಳವಳಿಯಲ್ಲಿ ನಾಯಕರಾಗಿದ್ದು, ಮುಂದೆ ಸಿಂಗ್ಹುವಾ ವಿಶ್ವವಿದ್ಯಾಲಯವನ್ನು ನಡೆಸಿದ ಈ ವಿದ್ವಾಂಸರು 1947ರಲ್ಲಿ ಚಿಯಾಂಗ್ ಕೈ-ಷೇಕ್ ಸರ್ಕಾರದ ರಾಯಭಾರಿಯಾಗಿ ಬಂದರು. ಅವರು ಇಲ್ಲಿರುವಾಗಲೇ ಅಲ್ಲಿ ಅಂತರ್ಯುದ್ಧದಲ್ಲಿ ಚಿಯಾಂಗ್ ಸೋತು, ಮಾವೋ ಅವರ ಕಮ್ಯುನಿಸ್ಟರು ಗೆದ್ದರು. 1949ರ ಡಿಸೆಂಬರ್ 30ರಂದು ಭಾರತವು ಮಾವೋ ಸರ್ಕಾರಕ್ಕೆ ಮಾನ್ಯತೆ ಕೊಟ್ಟಾಗ ಲುವೊ ಅವರ ಹುದ್ದೆಗೆ ನೆಲೆಯೇ ಉಳಿಯಲಿಲ್ಲ. ಅತ್ತ ಚಿಯಾಂಗ್ ಸರ್ಕಾರದ ರಾಜಧಾನಿ ನಾನ್‌ಜಿಂಗ್‌ನಲ್ಲಿದ್ದ ನಮ್ಮ ರಾಯಭಾರಿ ಕೆ.ಎಂ. ಪಣಿಕ್ಕರ್ ಮಾತ್ರ ಹಳೆಯ ಚೀನಾದಲ್ಲೂ ಇದ್ದು, 1950ರಲ್ಲಿ ಬೀಜಿಂಗ್‌ಗೆ ಹೋಗಿ ಹೊಸ ಚೀನಾದಲ್ಲೂ ಅದೇ ಹುದ್ದೆ ವಹಿಸಿದರು. ದೆಹಲಿಗೆ ಹೊಸ ಚೀನಾದ ಪರವಾಗಿ ಬಂದವರು ಸೇನಾನಿ ಯುವಾನ್ ಝೋಂಗ್‌ಷಿಯಾನ್.

ಇನ್ನು ಹೈಕಮಿಷನರ್ ವಿಷಯ. ರಾಯಭಾರಿಯೆಂದರೆ ಒಂದು ರಾಷ್ಟ್ರದ ಮುಖ್ಯಸ್ಥರು ಇನ್ನೊಂದು ರಾಷ್ಟ್ರದ ಮುಖ್ಯಸ್ಥರ ಬಳಿಗೆ ಕಳುಹಿಸುವ ವ್ಯಕ್ತಿ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಿಗೆ ದೊರೆ ಒಬ್ಬನೇ. ತನಗೆ ತಾನೇ ರಾಯಭಾರಿಯನ್ನು ಕಳುಹಿಸಿಕೊಳ್ಳುವುದು ಹೇಗೆ? ಆದುದರಿಂದ ಸರ್ಕಾರದಿಂದ ಸರ್ಕಾರಕ್ಕೆ ಹೋಗುವ ಪ್ರತಿನಿಧಿಗೆ ಈ ಬೇರೆ ಹೆಸರು ಬಂತು. 1947ರಿಂದ 1950ರ ಜನವರಿ 26ರವರೆಗೆ ಭಾರತವೂ ಆರನೆಯ ಜಾರ್ಜ್ ದೊರೆಯಾಗಿದ್ದ ಡೊಮಿನಿಯನ್, ಅಂದರೆ ತನ್ನ ಆಡಳಿತ ತಾನೇ ನಡೆಸಿದರೂ ಬ್ರಿಟಿಷ್ ದೊರೆಯನ್ನೇ ಮುಖ್ಯಸ್ಥನಾಗಿ ಉಳ್ಳ ದೇಶ, ಆಗಿತ್ತು. ಗಣರಾಜ್ಯವಾದರೂ, ಬ್ರಿಟನ್ ಮತ್ತು ಅದರ ಹಿಂದಿನ ವಸಾಹತುಗಳ ಕೂಟವಾದ ಕಾಮನ್‌ವೆಲ್ತ್‌ನಲ್ಲಿ ಉಳಿಯಬಹುದೆಂದು 1949ರ ಲಂಡನ್ ಘೋಷಣೆ ಒಪ್ಪಿದ್ದರಿಂದ ಹೆಸರು ಹಾಗೆಯೇ ನಿಂತಿತು. ಬ್ರಿಟನ್ನಿನ ಮೊದಲ ಹೈಕಮಿಷನರ್ ಟೆರೆನ್ಸ್ ಶೋನ್ ಅವರೂ 1946ರಲ್ಲೇ ಬಂದಿದ್ದರು. ಪಾಕಿಸ್ತಾನದ ಉದಾಹರಣೆ ಇದನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತದೆ: ಅದು 1972ರಲ್ಲಿ ಕಾಮನ್‌ವೆಲ್ತ್ ತೊರೆದು 1989ರಲ್ಲಿ ಮರಳಿತು, ಭಾರತದೊಡನೆ ಕಡಿದಿದ್ದ ಸಂಬಂಧ 1976ರಲ್ಲಿ ಪುನಃ ಆರಂಭವಾದಾಗ ಎರಡೂ ಕಡೆಯವರು ರಾಯಭಾರಿಗಳೆನಿಸಿಕೊಂಡಿದ್ದು, ಮುಂದೆ ಮತ್ತೆ ಹೈಕಮಿಷನರ್‌ಗಳಾದರು. ಅಂದ ಹಾಗೆ, 1947ರಲ್ಲಿ ಪಾಕಿಸ್ತಾನದ ಹೈಕಮಿಷನರ್ ಆಗಿ ದೆಹಲಿಗೆ ಬಂದ ಜಾಹಿದ್ ಹುಸೇನ್ ಮತ್ತು ಭಾರತದ ಹೈಕಮಿಷನರ್ ಆಗಿ ಕರಾಚಿಗೆ ಹೋದ ಶ್ರೀಪ್ರಕಾಶ, ಇಬ್ಬರಿಗೂ ಔತಣಕೂಟಗಳಿಗಿಂತ ನಿರಾಶ್ರಿತರ ಅಹವಾಲುಗಳೇ ಹೆಚ್ಚಾಗಿದ್ದವು.

ಪ್ರಶ್ನೆ: ನಮ್ಮ ಕಡೆಯವರು ಯಾರಾದರೂ ಆಗ ಹೊರದೇಶಕ್ಕೆ ರಾಯಭಾರಿಯಾಗಿ ಹೋಗಿದ್ದರೇ?
– ಓದುಗರೊಬ್ಬರು, ಪುತ್ತೂರು

ಉತ್ತರ: ಮಂಗಳೂರಿನ ಬೆನಗಲ್ ಮನೆತನದ ಬಿ. ರಾಮರಾವ್ ಅವರು, ಅಮೆರಿಕದಲ್ಲಿ ಭಾರತದ ಮೊದಲ ರಾಯಭಾರಿಯಾಗಿದ್ದ ಆಸಫ್ ಅಲಿಯವರ ತರುವಾಯ, 1948ರಲ್ಲಿ ವಾಷಿಂಗ್ಟನ್‌ಗೆ ಹೋದರು. ಮರುವರ್ಷವೇ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿ ಹಿಂದಿರುಗಿದರು. ಅವರ ಅಣ್ಣ ಬಿ.ಎನ್. ರಾವ್, ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು, ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಅವರೇ.