‘ರೇಷ್ಮೆ ಸುಂಕ’ ಲೇಖನ ವಾಪಸ್ ಕಳಿಸುತ್ತಾ

ನಮಸ್ಕಾರ.

‘ಚೀನಾ ರೇಷ್ಮೆಗೆ ಸುಂಕ ಹಾಕಿ, ರೈತರನ್ನು ಉಳಿಸಿ’ ಓದಿದೆವು. ಈಗಿರುವಂತೆ ಹಾಕಲಾಗದು. ಸಿಟ್ಟು ಬೇಕಾದಷ್ಟಿದೆ, ಲೆಕ್ಕವಿಲ್ಲ.

‘ಚೀನಾ ಸುಂಕ ಕಟ್ಟಲಿ’ ಎಂದಿದ್ದೀರಿ. ಕಟ್ಟುವವನು ಬಂದರಿನಲ್ಲಿ ಮಾಲು ಬಿಡಿಸಿಕೊಳ್ಳುವ ನಮ್ಮ ಆಮದುದಾರ. ಅದನ್ನು ಅವನು ನೂಲಿನ ದರಕ್ಕೆ ಸೇರಿಸುತ್ತಾನೆ. ಆಮದು ಸುಂಕ, ಆ್ಯಂಟಿ ಡಂಪಿಂಗ್ ಸುಂಕ ಎರಡನ್ನೂ ಕಲಸಿದ್ದೀರಿ. ಮೊದಲನೆಯದು ಬಜೆಟ್ಟಿನಲ್ಲಿ ಏರಿಳಿಯುತ್ತದೆ. ಎರಡನೆಯದಕ್ಕೆ ಇಲ್ಲಿನ ಉದ್ಯಮ ದೂರು ಕೊಡಬೇಕು. ಮಾಲು ಸಹಜ ಮೌಲ್ಯಕ್ಕಿಂತ ಅಗ್ಗವಾಗಿ ಬಂದಿದೆ, ಪೆಟ್ಟು ಬಿದ್ದಿದ್ದು ಅದರಿಂದಲೇ ಎಂದು ತನಿಖೆಯಲ್ಲಿ ರುಜುವಾಗಬೇಕು. 2003ರಲ್ಲಿ ಚೀನಾದ ಕಚ್ಚಾ ರೇಷ್ಮೆಗೆ, ಅಂದರೆ ಗೂಡಿನಿಂದ ತೆಗೆದ ನೂಲಿಗೆ, ಬಿದ್ದದ್ದು ಈ ಎರಡನೆಯದು, ಅದೂ 2ಎ ಮತ್ತು ಅದಕ್ಕಿಂತ ಕೆಳಗಿನ ದರ್ಜೆಗೆ ಮಾತ್ರ. ಸುಂಕ ತಪ್ಪಿಸಲು ಮಾಲಿನ ದರ್ಜೆ ಏರಿಸಿ ಬಿಲ್ ಬರೆಸುವ ಆಸೆ ಹುಟ್ಟುವುದು ಇಂಥ ಗೆರೆಯಿಂದಲೇ.

ಬಜೆಟ್ಟಿನ ಕಥೆಯೂ ಪೂರ್ತಿ ಬಂದಿಲ್ಲ. ಕಚ್ಚಾ ರೇಷ್ಮೆಯ ಸುಂಕ 2011ರಲ್ಲಿ ಶೇ 30ರಿಂದ 5ಕ್ಕೆ ಇಳಿಯಿತು, 2013ರಲ್ಲಿ 15ಕ್ಕೆ ಏರಿತು. ಆಮೇಲೆ 10ಕ್ಕೆ ಇಳಿದದ್ದನ್ನು 2021ರಲ್ಲಿ ಮತ್ತೆ 15 ಮಾಡಿದರು. ಇಷ್ಟು ಸಲ ಅತ್ತಿತ್ತ ಆಡಿದ್ದೇಕೆ? ನಿಮ್ಮ ಲೇಖನ ಕೇಳಬೇಕಾದ ಪ್ರಶ್ನೆ ಇದು.

ಒಂದು ಕಿಲೋ ನೂಲಿನಿಂದ ಶುರು ಮಾಡಿ. ಲೆಕ್ಕಕ್ಕೆ, ಚೀನಾ ನೂಲು ಬಂದರಿಗೆ ಬರುವಾಗ ಕಿಲೋಗೆ ₹4,000 ಅನ್ನೋಣ. ಶೇ 5 ಇದ್ದರೆ ಸುಂಕ ₹200, ಶೇ 15 ಆದರೆ ₹600, ಸರ್‌ಚಾರ್ಜ್ ಬೇರೆ. ವ್ಯತ್ಯಾಸ ₹400. ಮಿಶ್ರತಳಿ ಗೂಡಾದರೆ ಒಂದು ಕಿಲೋ ನೂಲಿಗೆ ಸುಮಾರು 7 ಕಿಲೋ ಬೇಕು. ಅಂದರೆ ಆ ₹400 ಪೂರ್ತಿ ರೈತನ ಕೈ ಸೇರಿದರೂ ಗೂಡಿಗೆ ಕಿಲೋಗೆ ₹57 ಹೆಚ್ಚು. ಪೂರ್ತಿ ಸೇರುವುದಿಲ್ಲ, ನಡುವೆ ಗೂಡು ಕೊಂಡು ನೂಲು ತೆಗೆಯುವ ರೀಲರ್ ಇದ್ದಾನೆ. ಅತ್ತ ಅರ್ಧ ಕಿಲೋ ನೂಲು ಹಿಡಿಯುವ ಸೀರೆಗೆ ನೇಕಾರನ ಖರ್ಚು ₹200 ಏರುತ್ತದೆ. ನಿಮ್ಮ ಆರು ಪುಟದಲ್ಲಿ ಈ ನೇಕಾರ ಒಮ್ಮೆಯೂ ಬಂದಿಲ್ಲ!

ಅವನು ಚೀನಾ ನೂಲು ಕೊಳ್ಳುವುದು ಅಗ್ಗ ಅನ್ನುವ ಕಾರಣಕ್ಕಷ್ಟೇ ಅಲ್ಲ. ಪವರ್‌ಲೂಮಿನ ಹಾಸಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳಿಗೆ, ಒಂದೇ ದಪ್ಪದ, ಎಳೆದರೆ ತುಂಡಾಗದ ಎಳೆ ಬೇಕು. ಕೈಯಲ್ಲಿ ತಿರುಗಿಸಿ ಗೂಡಿನಿಂದ ತೆಗೆದ ಚರಕದ ನೂಲಿನಲ್ಲಿ ದಪ್ಪ-ಸಣ್ಣ ಜಾಸ್ತಿ; ಹೊಕ್ಕಿಗೆ (ಅಡ್ಡ ಎಳೆಗೆ) ನಡೆಯುತ್ತದೆ, ಹಾಸಿಗೆ ಹಾಕಿದರೆ ಎಳೆ ಕಡಿದು ಮಗ್ಗ ನಿಲ್ಲುತ್ತದೆ. ಹಾಸಿಗೆ ಹೊಂದುವ ನೂಲಿಗೆ ಉದ್ದ, ಸಮ ಎಳೆ ಕೊಡುವ ದ್ವಿತಳಿ ಗೂಡು, ನೂಲು ತೆಗೆಯುವ ಸ್ವಯಂಚಾಲಿತ ರೀಲಿಂಗ್ ಯಂತ್ರ ಬೇಕು. ಸುಂಕ ಇವನ್ನು ತಂದುಕೊಡುವುದಿಲ್ಲ, ತಂದುಕೊಳ್ಳಲು ಒಂದಿಷ್ಟು ಸಮಯ ಕೊಡುತ್ತದೆ ಅಷ್ಟೆ.

ಸೋರಿಕೆಗೂ ಒಂದು ಪ್ಯಾರಾ ಇರಲಿ. ನೂಲಿಗೆ ಸುಂಕ ಏರಿಸಿ ಬಟ್ಟೆಗೆ ಬಿಟ್ಟರೆ ಬಟ್ಟೆಯೇ ಬಂದಿಳಿಯುತ್ತದೆ, ರೀಲರ್ ಜೊತೆ ನೇಕಾರನೂ ಕೆಲಸವಿಲ್ಲದೆ ಕೂರುತ್ತಾನೆ. 2018ರಲ್ಲಿ ರೇಷ್ಮೆ ಬಟ್ಟೆಯ ಸುಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ್ದನ್ನು ಇಲ್ಲಿಗೆ ಜೋಡಿಸಿ. ರಫ್ತು ಮಾಡುವವರು ಅಡ್ವಾನ್ಸ್ ಆಥರೈಸೇಷನ್ ಎಂಬ ಪರವಾನಗಿ ಪಡೆದು, ರಫ್ತಿನ ಮಾಲಿಗೆ ಬೇಕಾದಷ್ಟು ಸುಂಕವಿಲ್ಲದೆ ನೂಲು ತರಿಸಬಹುದು ಎಂಬುದೂ ಬರಲಿ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೀಲರ್ ಒಬ್ಬ ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವ ಸಾಲು ಚೆನ್ನಾಗಿದೆ. ನಾಲ್ಕನೇ ಪುಟದಲ್ಲಿ ಹೂತು ಹಾಕಿದ್ದೀರಿ, ಮೇಲಕ್ಕೆ ತನ್ನಿ. ‘ಡ್ರ್ಯಾಗನ್’ ಏಳು ಕಡೆ ಇದೆ, ಏಳನ್ನೂ ತೆಗೆಯಿರಿ. ತಿದ್ದಿದ ಪ್ರತಿ 900 ಪದ ಮೀರದಿರಲಿ. ಗೂಡಿನ ದರ ಬರೆದ ಕಡೆಯೆಲ್ಲ ಯಾವ ಮಾರುಕಟ್ಟೆ, ಯಾವ ತಳಿ, ಯಾವ ದಿನದ್ದು ಎಂದು ನಮೂದಿಸಿ.

— ಸಂಪಾದಕ